ಹುಲ್ಲು ಕತ್ತರಿಸುವ ಯಂತ್ರ ಸ್ಟಾರ್ಟ್ ಆಗದಿದ್ದರೆ

ಹಸುಗಳು ಮೇವಿಗೆ ಕಾಯುತ್ತಿರುವಾಗ, ಎಷ್ಟು ಹಗ್ಗ ಎಳೆದರೂ ಬ್ರಷ್ ಕಟರ್ ಸ್ಟಾರ್ಟ್ ಆಗದಿದ್ದಲ್ಲಿ ಸದಸ್ಯರು ಮೊದಲು ಟ್ಯಾಂಕಿನ ಪೆಟ್ರೋಲನ್ನು ಗಮನಿಸಬೇಕು. ಈಗ ಬಂಕುಗಳಲ್ಲಿ ದೊರೆಯುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಬೆರೆತಿರುತ್ತದೆ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ತಿಂಗಳುಗಟ್ಟಲೆ ಟ್ಯಾಂಕಿನಲ್ಲೇ ಬಿಟ್ಟ ಪೆಟ್ರೋಲ್ ಕೆಟ್ಟು, ಕಾರ್ಬುರೇಟರಿನ ಸಣ್ಣ ರಂಧ್ರಗಳಲ್ಲಿ ಅಂಟು ಕಟ್ಟುತ್ತದೆ. ಅದನ್ನು ಪೂರ್ತಿ ಬಸಿದು ಹೊಸದನ್ನು ತುಂಬಿರಿ. ಟೂ-ಸ್ಟ್ರೋಕ್ ಯಂತ್ರವಾದರೆ ಯಂತ್ರದ ಪುಸ್ತಕದಲ್ಲಿ ತಿಳಿಸಿದಷ್ಟೇ ಆಯಿಲ್ ಬೆರೆಸಿರಿ. ಹೆಚ್ಚಾದರೆ ಪ್ಲಗ್ಗಿಗೆ ಮಸಿ ಹಿಡಿಯುತ್ತದೆ. ಬೆರೆಸದೇ ಹೋದರೆ ಪಿಸ್ಟನ್ ಸೀಜ್ ಆಗಿ ದೊಡ್ಡ ಖರ್ಚು ಬರುತ್ತದೆ.

ನಂತರ ಪ್ಲಗ್ ಬಿಚ್ಚಿ ನೋಡಿರಿ. ಒದ್ದೆಯಾಗಿದ್ದರೆ ಚೋಕ್ ಹಾಕಿಕೊಂಡೇ ಬಹಳ ಸಲ ಎಳೆದಿದ್ದೀರಿ ಎಂದರ್ಥ. ಅವಸರದಲ್ಲಿ ಎಲ್ಲರೂ ಮಾಡುವ ತಪ್ಪಿದು. ಸ್ವಿಚ್ ಆಫ್ ಮಾಡಿ, ಪ್ಲಗ್ ಇಲ್ಲದೆಯೇ ನಾಲ್ಕಾರು ಸಲ ಹಗ್ಗ ಎಳೆಯಿರಿ. ಪ್ಲಗ್ ಒರೆಸಿ ಒಣಗಿಸಿ ಕೂರಿಸಿ, ಚೋಕ್ ತೆಗೆದು ಪುನಃ ಪ್ರಯತ್ನಿಸಿರಿ. ಪ್ಲಗ್ ಒಣಗಿದ್ದರೆ ಪೆಟ್ರೋಲ್ ಒಳಗೆ ತಲುಪುತ್ತಿಲ್ಲ. ಟ್ಯಾಂಕಿನೊಳಗಿನ ಫಿಲ್ಟರ್ ಶುಚಿ ಮಾಡಿರಿ. ಏರ್ ಫಿಲ್ಟರಿನ ಧೂಳನ್ನೂ ಕೊಡವಿರಿ. ಇಷ್ಟಾದರೂ ಆಗದಿದ್ದಲ್ಲಿ ಮಾತ್ರ ಮೆಕ್ಯಾನಿಕ್ ಬಳಿ ಒಯ್ಯಿರಿ.

ಪೆಟ್ರೋಲ್ ತಾಗಿದ ಕೈಯನ್ನು ಸೋಪಿನಿಂದ ತೊಳೆಯದೆ ಹಾಲು ಕರೆಯಕೂಡದು. ಹಾಲಿಗೆ ವಾಸನೆ ಬೇಗ ಹಿಡಿಯುತ್ತದೆ.