ಅಗೆ ಕೀಳುವ ಹದ: ಜೀವಕೋಶ ಪ್ರಯೋಗಶಾಲೆ ಮತ್ತು ಕನ್ನಡದ ಕ್ರಿಯಾಪದಗಳು

ಕನ್ನಡದಲ್ಲಿ ವಿಜ್ಞಾನ ಬೋಧನೆಯ ಪ್ರಶ್ನೆ ಎದ್ದಾಗಲೆಲ್ಲ ನಮ್ಮ ವಿದ್ವತ್ ವಲಯ ಮೊದಲು ಎತ್ತಿಕೊಳ್ಳುವುದು ಪಾರಿಭಾಷಿಕ ಪದಗಳ ಮಾತನ್ನು. ಜೀವಕೋಶ, ಅಂಗಾಂಶ, ವರ್ಣತಂತು ಮೊದಲಾದವು ಹೀಗೆ ಬಂದು ನೆಲೆನಿಂತವು. ಇವೆಲ್ಲವೂ ನಾಮಪದಗಳೆಂಬುದನ್ನು ನಾವು ಅಷ್ಟಾಗಿ ಗಮನಿಸಿಲ್ಲ. ಪ್ರಯೋಗಶಾಲೆಯಾದರೋ ಕ್ರಿಯಾಪದಗಳ ಜಗತ್ತು. ಅಲ್ಲಿ ವಿದ್ಯಾರ್ಥಿ ಹೀರಬೇಕು, ಬಿಡಿಸಬೇಕು, ಕಾಯಬೇಕು, ಸರಿಯಾದ ಕ್ಷಣದಲ್ಲಿ ನಿಲ್ಲಿಸಬೇಕು. ಕೈಯ ಈ ವಿದ್ಯೆಯನ್ನು ಕನ್ನಡ ಯಾವ ಮಾತಿನಲ್ಲಿ ಹೇಳಬಲ್ಲದೆಂಬುದನ್ನು ಒಂದು ನಿದರ್ಶನದ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ನಿದರ್ಶನಕ್ಕೆ ಪುಣೆಯ ಹಡಪಸರವನ್ನು ಆರಿಸಿಕೊಂಡಿದ್ದೇನೆ. ಕಲಬುರಗಿಯಿಂದ ಸೋಲಾಪುರದ ಮಾರ್ಗವಾಗಿ ಹೋಗುವ ಕನ್ನಡಿಗರಿಗೆ ಪುಣೆಯ ಹೆಬ್ಬಾಗಿಲು ಅದೇ. 1966ರಲ್ಲಿ ಸ್ಥಾಪಿತವಾದ ಸೀರಂ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯಾ ಅಲ್ಲಿದೆ. ಆ ಸಂಸ್ಥೆಯ ದಡಾರ ಮತ್ತು ರುಬೆಲ್ಲಾ ಲಸಿಕೆಗಳ ವೈರಸ್ಸನ್ನು ಬೆಳೆಸುವುದು ಮಾನವ ಜೀವಕೋಶಗಳಲ್ಲಿ. ವೈರಸ್ಸು ತಾನಾಗಿ ಬೆಳೆಯದು. ಮೊದಲು ಕೋಶಗಳನ್ನು ಸಾಕಬೇಕು. ಅಲ್ಲಿಂದ ಪೂರ್ವಕ್ಕೆ, ಲೋಣಿ ಕಾಳಭೋರದ ಎಂಐಟಿ ಎಡಿಟಿ ವಿಶ್ವವಿದ್ಯಾಲಯದಲ್ಲಿ ಜೈವಿಕ ಇಂಜಿನಿಯರಿಂಗ್ ಕಲಿಸುವ ಶಾಲೆಯಿದೆ. ಈ ವಿಷಯವನ್ನು ಓದಲು ಬರುವವರಲ್ಲಿ ಗಣಿತ, ಯಂತ್ರ, ಗಣಕಗಳ ಕಡೆಗೆ ಒಲಿದವರು ಅನೇಕರು. ಯಂತ್ರವನ್ನು ಸಂಜೆ ನಿಲ್ಲಿಸಿ ಬೆಳಿಗ್ಗೆ ಮತ್ತೆ ನಡೆಸಬಹುದು. ಜೀವಕೋಶಕ್ಕೆ ಆ ಸೌಲಭ್ಯವಿಲ್ಲ.

ಅವರು ಕಲಿಯಬೇಕಾದ ಮುಖ್ಯ ಕೆಲಸವೊಂದನ್ನು ನೋಡೋಣ. ಪಾತ್ರೆಯ ತಳಕ್ಕೆ ಅಂಟಿ ಬೆಳೆಯುವ ಕೋಶಗಳು ಸುಮಾರು ಶೇಕಡ 80ರಷ್ಟು ಜಾಗವನ್ನು ಆವರಿಸಿದಾಗ ಅವನ್ನು ಎಬ್ಬಿಸಿ ಹೊಸ ಪಾತ್ರೆಗಳಲ್ಲಿ ವಿರಳವಾಗಿ ನೆಲೆಗೊಳಿಸಬೇಕು. ಮೊದಲು ಹಳೆಯ ಪೋಷಕದ್ರವವನ್ನು ತೆಗೆದು ಲವಣದ್ರಾವಣದಿಂದ ತೊಳೆಯುತ್ತಾರೆ. ದ್ರವದಲ್ಲಿರುವ ರಕ್ತಸಾರ ಟ್ರಿಪ್ಸಿನ್ ಎಂಬ ಕಿಣ್ವದ ಕೆಲಸವನ್ನು ತಡೆಯುತ್ತದೆಯಾದ್ದರಿಂದ ಈ ತೊಳೆಯುವಿಕೆ ಅನಿವಾರ್ಯ. ಅನಂತರ ಟ್ರಿಪ್ಸಿನ್ ಹಾಕಿ 37 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿಟ್ಟರೆ ಕೆಲವೇ ನಿಮಿಷಗಳಲ್ಲಿ ಕೋಶಗಳ ಹಿಡಿತ ಸಡಿಲುತ್ತದೆ. ಎಷ್ಟು ನಿಮಿಷ? ಕೈಪಿಡಿ ಎರಡರಿಂದ ಐದು ಎನ್ನುತ್ತದೆ; ಅನುಭವಿಯಾದ ಅಧ್ಯಾಪಕರು ಸೂಕ್ಷ್ಮದರ್ಶಕದಲ್ಲಿ ನೋಡು ಎನ್ನುತ್ತಾರೆ. ಚಾಚಿಕೊಂಡಿದ್ದ ಕೋಶಗಳು ದುಂಡಗಾಗಿ ಹೊಳೆಯತೊಡಗಿ, ಪಾತ್ರೆಯನ್ನು ಮೆಲ್ಲನೆ ತಟ್ಟಿದರೆ ಜಾರುತ್ತವೆ. ಆ ಕ್ಷಣವೇ ರಕ್ತಸಾರವುಳ್ಳ ದ್ರವ ಸೇರಿಸಿ ಕಿಣ್ವವನ್ನು ತಡೆಯಬೇಕು. ಬೇಗ ಮಾಡಿದರೆ ಕೋಶಗಳು ಗುಂಪುಗುಂಪಾಗಿ ಏಳುತ್ತವೆ, ತಡಮಾಡಿದರೆ ಅವುಗಳ ಪೊರೆಗೇ ಹಾನಿ.

ಇದಕ್ಕೆ ಕನ್ನಡದಲ್ಲಿ ‘ಹದ’ ಎನ್ನುತ್ತೇವೆ. ಪಾಕದ ಹದ, ಮಣ್ಣಿನ ಹದ ಎಂಬಲ್ಲಿ ಗಡಿಯಾರಕ್ಕಿಂತ ಕಣ್ಣು ಮತ್ತು ಬೆರಳೇ ಪ್ರಮಾಣ. ಇಡೀ ಕಾರ್ಯಕ್ಕೆ ಹೋಲಿಕೆ ಬೇಕಾದರೆ ಭತ್ತದ ನಾಟಿಯಿದೆ. ಒತ್ತಾಗಿ ಬೆಳೆದ ಅಗೆಯನ್ನು ಬೇರು ಕಡಿಯದಂತೆ ಕಿತ್ತು, ಮಣ್ಣು ತೊಳೆದು, ಗದ್ದೆಯಲ್ಲಿ ಅಂತರವಿಟ್ಟು ನೆಡುತ್ತಾರೆ. ಅಗೆ ಬಲಿತರೆ ನಾಟಿಗೆ ಒದಗದು. ಹಾಲಿಗೆ ಹೆಪ್ಪು ಹಾಕುವುದನ್ನು ಹೋಲಿಕೆಯಾಗಿ ಕೊಡುವುದುಂಟು. ನನಗದು ಸರಿಕಾಣದು. ಹೆಪ್ಪು ತಲೆಮಾರುಗಟ್ಟಲೆ ನಡೆಯುತ್ತದೆ. ಸಾಮಾನ್ಯ ಮಾನವ ಕೋಶಗಳಾದರೋ ಸುಮಾರು 50 ಸಲ ಇಮ್ಮಡಿಸಿ ನಿಂತುಬಿಡುತ್ತವೆಂದು ಹೇಫ್ಲಿಕ್ ಮತ್ತು ಮೂರ್‌ಹೆಡ್ 1961ರಲ್ಲಿ ತೋರಿಸಿಕೊಟ್ಟರು. ‘ಅಂಗಾಂಶ ಕೃಷಿ’ ಎಂಬ ನಾಮಪದವನ್ನು ಒಪ್ಪಿಕೊಂಡ ಮೇಲೆ ಕೃಷಿಯ ಕ್ರಿಯಾಪದಗಳನ್ನು ಹೊರಗಿಟ್ಟುದು ವಿಚಿತ್ರವಾಗಿದೆ.

ಪೋಷಕದ್ರವದ ಬಣ್ಣವೂ ಓದಬೇಕಾದ ಪಠ್ಯವೇ. ಅದರಲ್ಲಿ ಬೆರೆಸಿದ ಫೀನಾಲ್ ರೆಡ್ ಆಮ್ಲೀಯವಾದರೆ ಹಳದಿ, ಕ್ಷಾರೀಯವಾದರೆ ನಸುನೇರಳೆಗೆಂಪು. ಆರತಿಯ ನೀರಿನಲ್ಲಿ ಅರಿಸಿನಕ್ಕೆ ಸುಣ್ಣ ಬೆರೆಸಿದೊಡನೆ ಕೆಂಪೇರುವುದನ್ನು ಕಂಡವರಿಗೆ ಇದು ಹೊಸತಲ್ಲ. ಕೆಂಪಾಗಿದ್ದ ದ್ರವ ರಾತ್ರಿ ಕಳೆಯುವಷ್ಟರಲ್ಲಿ ಹಳದಿಯಾಗಿ ಕದಡಿದ್ದರೆ ಬ್ಯಾಕ್ಟೀರಿಯಾ ಹೊಕ್ಕಿದೆಯೆಂದೇ ಬಹುಮಟ್ಟಿಗೆ ತಿಳಿಯಬೇಕು. ಪ್ರಾಣಿಕೋಶ ಇಮ್ಮಡಿಸಲು ಒಂದು ದಿನದಷ್ಟು ಕಾಲ ಬೇಕಾದರೆ ಅನೇಕ ಬ್ಯಾಕ್ಟೀರಿಯಾಗಳಿಗೆ ಅರ್ಧ ಗಂಟೆ ಸಾಕು.

ಇದನ್ನು ತಡೆಯುವ ಶಿಸ್ತನ್ನು ವಿವರಿಸುವಾಗ ‘ಮಡಿ’ ಎಂಬ ಪದ ತಾನಾಗಿ ನಾಲಗೆಗೆ ಬರುತ್ತದೆ. ಕಣ್ಣಿಗೆ ಕೊಳೆ ಕಾಣದಿದ್ದರೂ ಒಂದು ಸ್ಪರ್ಶದಿಂದ ಎಲ್ಲವೂ ಕೆಡುತ್ತದೆಂಬ ಎಚ್ಚರವನ್ನು ಅದು ಚೆನ್ನಾಗಿ ಹೇಳುತ್ತದೆ. ಪಿಪೆಟ್ಟಿನ ತುದಿ ಸೀಸೆಯ ಹೊರಮೈಗೆ ತಾಗಿದರೆ ಅದನ್ನು ಎಸೆದು ಬೇರೆಯದನ್ನು ತೆಗೆದುಕೊಳ್ಳಲೇಬೇಕು. ಆದರೆ ಮಡಿ ನಮ್ಮಲ್ಲಿ ಮನುಷ್ಯರನ್ನು ಹುಟ್ಟಿನಿಂದ ವಿಂಗಡಿಸಿದ ಪದವೂ ಹೌದು. ಪ್ರಯೋಗಶಾಲೆಯಲ್ಲಿ ಕೈಗವಸಿಗೆ ಶೇಕಡ 70ರ ಆಲ್ಕೊಹಾಲ್ ಸವರಿಕೊಂಡವರೆಲ್ಲರ ಕೈಯೂ ಸಮಾನ. ಸವರಿಕೊಳ್ಳದಿದ್ದರೆ ಪ್ರಾಧ್ಯಾಪಕರ ಕೈಯೂ ವರ್ಜ್ಯ. ತರಗತಿಯಲ್ಲಿ ಎದುರಿಗೆ ಕುಳಿತವರ ಮನೆತನಗಳ ನೆನಪಿನಲ್ಲಿ ಆ ಪದ ಏನು ಮಾಡಿದೆಯೋ ನಾವು ಬಲ್ಲೆವೇ? ‘ನಂಜು ತಗುಲದಂತೆ’ ಎಂದರೆ ಸಾಕೆಂಬುದು ನನ್ನ ಅಭಿಪ್ರಾಯ.

ಜೀವವಿಜ್ಞಾನದ ಕೈಕೆಲಸಕ್ಕೆ ಕನ್ನಡ ಒಗ್ಗದೆಂಬ ಮಾತಿಗೆ ಬಿ.ಜಿ.ಎಲ್. ಸ್ವಾಮಿಯವರು ಹಿಂದೆಯೇ ಉತ್ತರ ಕೊಟ್ಟಿದ್ದಾರೆ. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪುರಸ್ಕಾರ ಪಡೆದ ‘ಹಸುರು ಹೊನ್ನು’ ವಿದ್ಯಾರ್ಥಿಗಳೊಡನೆ ಕಾಡು ಸುತ್ತಿ ಗಿಡಗಳನ್ನು ಗುರುತಿಸಿದ ಬೋಧನೆಯ ಕಥನವೇ ಆಗಿದೆ. ಮುಚ್ಚಿದ ಪ್ರಯೋಗಶಾಲೆಗೆ ಅಂತಹ ಕಥನಕಾರರು ದೊರೆತಿಲ್ಲ.

ಕೊನೆಯದಾಗಿ, ಎಲ್ಲಕ್ಕೂ ಮೊದಲು ಕಲಿಸುವ ಪಾಠದ ವಿಷಯ. ಹೊಸಬರಿಗೆ ಕೋಶಗಳನ್ನು ಕೊಡುವ ಮೊದಲು ನೀರು ಅಳೆಯಲು ಕಲಿಸುವುದು ಒಳ್ಳೆಯ ಪದ್ಧತಿ. 100 ಮೈಕ್ರೋಲೀಟರ್ ನೀರು ಸುಮಾರು 100 ಮಿಲಿಗ್ರಾಂ ತೂಗುತ್ತದೆ. ತಕ್ಕಡಿಯೇ ಕೈಯ ತಪ್ಪನ್ನು ಹೇಳುತ್ತದೆ. ಪಿಪೆಟ್ಟಿನ ಗುಂಡಿಗೆ ಎರಡು ತಡೆಗಳಿವೆ. ಹೀರುವಾಗ ಮೊದಲನೆಯದರವರೆಗೆ ಮಾತ್ರ ಒತ್ತಬೇಕು, ಹೊರಹಾಕುವಾಗ ಎರಡನೆಯದನ್ನೂ ಮುಟ್ಟಬೇಕು. ಹೊಸಬರು ಹೀರುವಾಗಲೇ ಎರಡನೆಯದನ್ನು ಮುಟ್ಟಿ ಹೆಚ್ಚು ದ್ರವ ತೆಗೆದುಕೊಳ್ಳುತ್ತಾರೆ. ಹೆಬ್ಬೆರಳು ಗುರುತಿಸುವ ಈ ಎರಡು ತಡೆಗಳಿಗೆ ನಾವಿನ್ನೂ ಹೆಸರಿಡಬೇಕಾಗಿದೆ.