ಬಾಗಿಲಲ್ಲಿ ನಿಂತವನೇ ಗೋಡೆಯ ಮೇಲೂ ಇದ್ದಾನೆ!

ಬೇಲೂರಿನ ಚೆನ್ನಕೇಶವನ ಗುಡಿಗೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಮದನಿಕೆಯರನ್ನು ನೋಡುತ್ತ ಕತ್ತು ನೋಯಿಸಿಕೊಂಡಿದ್ದೇನೆ, ನವರಂಗದ ನರಸಿಂಹ ಕಂಬವನ್ನು ಸುತ್ತಿದ್ದೇನೆ. ಆದರೆ ಗರ್ಭಗುಡಿಯ ಬಾಗಿಲ ಅಕ್ಕಪಕ್ಕ ನಿಂತ ಆ ಇಬ್ಬರನ್ನು? ನೋಡಿಯೇ ಇರಲಿಲ್ಲ! ಮೊನ್ನೆ ಮಂಗಳಾರತಿಗೆ ಕಾಯುತ್ತಿದ್ದಾಗ ಮುಂದಿದ್ದ ಪುಟ್ಟ ಹುಡುಗ ಕೇಳಿದ: “ಅಜ್ಜಿ, ಇವ್ರಿಗೂ ಕೈ ಮುಗೀಬೇಕಾ?”

“ಮುಗಿಯೋ ಮಗಾ. ಜಯ-ವಿಜಯರು ಅವ್ರು. ಇವ್ರೇ ಅಲ್ವಾ ಹಿರಣ್ಯಕಶಿಪು, ರಾವಣ ಎಲ್ಲಾ ಆಗಿದ್ದು!”

ಮೈ ಜುಮ್ಮೆಂದಿತು. ಕಥೆ ಗೊತ್ತಿದ್ದದ್ದೇ. ವೈಕುಂಠದ ಬಾಗಿಲಿಗೆ ಬಂದ ಸನಕಾದಿಗಳನ್ನು, ನೋಡಲು ಬರೀ ಮಕ್ಕಳಂತಿದ್ದ ಆ ನಾಲ್ವರು ಋಷಿಗಳನ್ನು, ಇವರು ತಡೆದರು, ಶಾಪ ಬಿತ್ತು. ಭಕ್ತರಾಗಿ ಏಳು ಜನ್ಮವೋ, ವೈರಿಗಳಾಗಿ ಮೂರೇ ಜನ್ಮವೋ ಎಂದು ಸ್ವಾಮಿ ಕೇಳಿದಾಗ, ಬೇಗ ಮರಳಿ ಬರುವ ಆಸೆಗೆ ವೈರವನ್ನೇ ಆರಿಸಿಕೊಂಡರು. ಹಿರಣ್ಯಾಕ್ಷ-ಹಿರಣ್ಯಕಶಿಪು, ರಾವಣ-ಕುಂಭಕರ್ಣ, ಶಿಶುಪಾಲ-ದಂತವಕ್ರ. ಹರಿಕಥೆಯಲ್ಲಿ, ಯಕ್ಷಗಾನದಲ್ಲಿ ಕೇಳಿಯೇ ಬೆಳೆದದ್ದು. ಆದರೆ ಅದೇ ಕಥೆ ಈ ಗುಡಿಯ ಒಳಗೂ ಹೊರಗೂ ಕಲ್ಲಾಗಿ ನಿಂತಿದೆಯೆಂದು ಹೊಳೆದದ್ದು ಆ ಕ್ಷಣದಲ್ಲೇ!

ಆರತಿ ಎದ್ದಿತು. ಬೆಳಕು ಕೇಶವನ ಮುಖ ದಾಟಿ ಪ್ರಭಾವಳಿಯ ಮೇಲೆ ಹರಿಯಿತು. ಅಲ್ಲಿರುವುದು ದಶಾವತಾರ. ವರಾಹ, ನರಸಿಂಹ, ರಾಮ, ಕೃಷ್ಣ: ಹತ್ತರಲ್ಲಿ ಈ ನಾಲ್ಕನ್ನು ಈ ಇಬ್ಬರ ಕಥೆಯಿಂದ ಬಿಡಿಸಿ ಹೇಳಲಾದೀತೆ? ತನ್ನ ಬಾಗಿಲು ಕಾದವರನ್ನು ಕರೆದುಕೊಂಡು ಬರಲು ಒಡೆಯನೇ ಮತ್ತೆ ಮತ್ತೆ ಇಳಿದು ಬಂದಿದ್ದಾನೆ! ಆ ಅವತಾರಗಳು ಅವನ ತಲೆಯ ಸುತ್ತ, ಆ ಇಬ್ಬರು ಅವನ ಬಾಗಿಲ ಎರಡೂ ಬದಿ. ನಡುವೆ ಕೆಲವೇ ಹೆಜ್ಜೆ.

ತೀರ್ಥ ತೆಗೆದುಕೊಂಡವನೇ ಹೊರಗೆ ಓಡಿದೆ. ನಕ್ಷತ್ರದಾಕಾರದ ಜಗತಿಯ ಮೇಲೆ ಗೋಡೆ ಹಿಡಿದು ನಡೆದೆ. ಇಗೋ ರಾವಣ! ಕೈಲಾಸಕ್ಕೇ ಹೆಗಲು ಕೊಟ್ಟಿದ್ದಾನೆ. ಸಾಲು ಸಾಲಾಗಿ ಕಿಕ್ಕಿರಿದ ಬೆಟ್ಟದ ತುದಿಯಲ್ಲಿ ಶಿವ-ಪಾರ್ವತಿಯರು. ಇಗೋ ಉಗ್ರನರಸಿಂಹ, ಮಡಿಲಲ್ಲಿ ಹಿರಣ್ಯಕಶಿಪು! ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿ ತಾಗುತ್ತ ಗಟ್ಟಿಯಾಗುವ ಬಳಪದ ಕಲ್ಲು. ಕರುಳನ್ನೂ ದಾರದಂತೆ ಎಳೆದಿದ್ದಾನೆ ಶಿಲ್ಪಿ. ಇಷ್ಟು ವರ್ಷ ಇದನ್ನು ದುಷ್ಟಸಂಹಾರವೆಂದೇ ನೋಡಿದ್ದೆ. ಈಗ ಅದೊಂದು ಮನೆಗೆ ಮರಳುವ ಚಿತ್ರದಂತೆ ಕಂಡಿತು. ಒಳಗೆ ಕಿರೀಟ ಧರಿಸಿ, ಗದೆ ಹಿಡಿದು ಗಂಭೀರವಾಗಿ ನಿಂತವರಲ್ಲಿ ಒಬ್ಬ ಇಲ್ಲಿ ಹೊಟ್ಟೆ ಬಗೆಸಿಕೊಂಡು ಮಲಗಿದ್ದಾನೆ, ಅದೂ ತನ್ನ ಒಡೆಯನ ತೊಡೆಯ ಮೇಲೆಯೇ!

1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಗುಡಿ ಇದು. ಅಂದಿನಿಂದ ಪ್ರದಕ್ಷಿಣೆ ಹಾಕಿದವರೆಲ್ಲ ಈ ಶಾಪವನ್ನೂ ಬಿಡುಗಡೆಯನ್ನೂ ಒಂದೇ ಸುತ್ತಿನಲ್ಲಿ ದಾಟಿ ಹೋಗಿದ್ದಾರೆ. ಹಳೇಬೀಡಿನ ದ್ವಾರಪಾಲಕರ ಒಡವೆಯ ಕುಸುರಿಯನ್ನು ಎಲ್ಲರೂ ಹೊಗಳುತ್ತಾರೆ, ಹೊಗಳಲೇಬೇಕು. ಆದರೆ ನನ್ನ ಮನಸ್ಸು ಇನ್ನು ಬೇಲೂರಿನ ಇವರ ಬಳಿಯೇ.

ಅಷ್ಟರಲ್ಲಿ ಇನ್ನೊಂದು ಹೊಳೆಯಿತು, ಅಲ್ಲೇ ಜಗತಿಯ ಅಂಚಿಗೆ ಕುಸಿದು ಕೂತೆ. ಹಿರಣ್ಯಕಶಿಪು ಬೇಡಿದ್ದ ವರ ನೆನಪಿದೆಯಲ್ಲ? ಒಳಗೂ ಸಾಯಬಾರದು, ಹೊರಗೂ ಸಾಯಬಾರದು. ಅದಕ್ಕೇ ನರಸಿಂಹ ಅವನನ್ನು ಕೊಂದದ್ದು ಹೊಸ್ತಿಲಿನಲ್ಲಿ. ಹೊಸ್ತಿಲು! ಬಾಗಿಲು ಕಾಯುವವನು ಶಾಪ ತಗಲಿಸಿಕೊಂಡದ್ದು ಬಾಗಿಲಲ್ಲಿ, ಮೊದಲ ಜನ್ಮದಿಂದ ಬಿಡುಗಡೆ ಪಡೆದದ್ದೂ ಬಾಗಿಲಲ್ಲೇ!

ಅಜ್ಜಿ-ಮೊಮ್ಮಗ ಹೊರಗೆ ಬರುತ್ತಿದ್ದರು. ದಾಟುವ ಮುನ್ನ ಅಜ್ಜಿ ಬಗ್ಗಿ, ಸವೆದ ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡರು. ಹುಡುಗನೂ ಕೂತು, ಎರಡೂ ಅಂಗೈಯನ್ನು ಆ ಕಲ್ಲಿನ ಮೇಲೆ ಅಗಲವಾಗಿ ಊರಿದ.