‘ದೊಡ್ಡವಳಾದಳು’ ಅಂದ ಮಾತ್ರಕ್ಕೆ ತಾಯಾಗಲು ಸಿದ್ಧಳೇ?

ಹುಡುಗಿ ಮೈನೆರೆದ ದಿನ ಆರತಿ ಎತ್ತಿ, ಚಿಗಳಿ ತಿನ್ನಿಸಿ ‘ದೊಡ್ಡವಳಾದಳು’ ಅನ್ನುತ್ತೇವೆ. ಎಷ್ಟೋ ಮನೆಗಳಲ್ಲಿ ಗಂಡು ಹುಡುಕುವ ಮಾತು ಅಲ್ಲಿಂದಲೇ ಶುರು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದ 20–24 ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ ಸುಮಾರು 21 ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು.

ತಪ್ಪು ಕಲ್ಪನೆ: ಮುಟ್ಟು ಶುರುವಾದರೆ ಹೆರಿಗೆಗೆ ಮೈ ಸಿದ್ಧ.

ಸತ್ಯ: ಮುಟ್ಟು ಬಂದ ಮೇಲೂ ಕೆಲವು ವರ್ಷ ಸೊಂಟದ ಮೂಳೆ ಬೆಳೆಯುತ್ತಲೇ ಇರುತ್ತದೆ. ಸೊಂಟ ಕಿರಿದಾಗಿದ್ದರೆ ಮಗು ಹೊರಬರಲಾರದೆ ಹೆರಿಗೆ ಕಷ್ಟವಾಗಬಹುದು. ತಾನೇ ಬೆಳೆಯುತ್ತಿರುವ ಹುಡುಗಿ ಒಂದೇ ತಟ್ಟೆಯ ಊಟವನ್ನು ಹೊಟ್ಟೆಯ ಕೂಸಿನೊಂದಿಗೆ ಹಂಚಿಕೊಳ್ಳಬೇಕು. ದೇಶದ 15–19ರ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ ಇತ್ತು ಎನ್ನುತ್ತದೆ ಅದೇ ಸಮೀಕ್ಷೆ.

ತಪ್ಪು ಕಲ್ಪನೆ: ನಮ್ಮಜ್ಜಿ ಹದಿನಾಲ್ಕಕ್ಕೇ ಹೆತ್ತಳು, ಏನೂ ಆಗಲಿಲ್ಲ.

ಸತ್ಯ: ಬದುಕಿ ಉಳಿದವಳು ಅಜ್ಜಿಯಾದಳು. ಹೆರಿಗೆಯಲ್ಲೇ ತೀರಿಕೊಂಡ ಹುಡುಗಿಯರ ಕತೆ ಹೇಳಲು ಮೊಮ್ಮಕ್ಕಳೇ ಇಲ್ಲ. ಹದಿಹರೆಯದ ತಾಯಂದಿರಿಗೆ ಗರ್ಭನಂಜಿನಿಂದ ಫಿಟ್ಸ್ ಬರುವ, ಗರ್ಭಕೋಶಕ್ಕೆ ಸೋಂಕು ತಗಲುವ ಅಪಾಯ 20–24ರವರಿಗಿಂತ ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅವರ ಮಕ್ಕಳು ದಿನ ತುಂಬುವ ಮೊದಲೇ, ಎರಡೂವರೆ ಕಿಲೋಗಿಂತ ಕಡಿಮೆ ತೂಕದಲ್ಲಿ ಹುಟ್ಟುವ ಸಾಧ್ಯತೆಯೂ ಹೆಚ್ಚು.

ತಪ್ಪು ಕಲ್ಪನೆ: ಬಾಣಂತಿಗೆ ನೀರು, ಸೊಪ್ಪು, ಹಣ್ಣು ನಂಜು.

ಸತ್ಯ: ರಕ್ತ ಕಳೆದುಕೊಂಡು ಹಾಲೂಡಿಸುತ್ತಿರುವ ಹುಡುಗಿಗೆ ಬೇಕಾದದ್ದೇ ಇವು. ಬೇಳೆ, ಮೊಟ್ಟೆ, ರಾಗಿ, ಕಬ್ಬಿಣಾಂಶದ ಮಾತ್ರೆಯನ್ನೂ ತಪ್ಪಿಸಬಾರದು.

ತಪ್ಪು ಕಲ್ಪನೆ: ಮಗುವಿನ ಮುಖ ನೋಡಿದರೆ ಅಳು ತಾನಾಗಿ ನಿಲ್ಲುತ್ತದೆ.

ಸತ್ಯ: ಹೆತ್ತ ಮೊದಲ ದಿನಗಳ ಅಳು ಸಾಮಾನ್ಯ. ಎರಡು ವಾರ ಕಳೆದರೂ ನಿದ್ದೆ, ಊಟ, ಮಗು ಯಾವುದೂ ಬೇಡವೆನಿಸಿದರೆ ಅದು ಖಿನ್ನತೆ ಇರಬಹುದು. ಶಾಲೆ ಬಿಟ್ಟು, ಗೆಳತಿಯರನ್ನು ಬಿಟ್ಟು, ಅತ್ತೆಮನೆಯಲ್ಲಿ ದನಿಯಿಲ್ಲದೆ ಕೂತ ಹುಡುಗಿಯರನ್ನು ಇದು ಹೆಚ್ಚಾಗಿ ಕಾಡುತ್ತದೆ. ಇಲ್ಲದ್ದು ಕಾಣುವ, ಏನೇನೋ ಬಡಬಡಿಸುವ ‘ಬಾಣಂತಿ ಸನ್ನಿ’ ದೆವ್ವದ ಕಾಟವಲ್ಲ, ಅದು ತುರ್ತು ಚಿಕಿತ್ಸೆ ಬೇಕಾದ ಕಾಯಿಲೆ. ಮನಸ್ಸಿನ ಸಂಕಟಕ್ಕೆ ಟೆಲಿ-ಮಾನಸ್ ಸಹಾಯವಾಣಿ 14416 ಉಚಿತ.

ತಪ್ಪು ಕಲ್ಪನೆ: ಆಸ್ಪತ್ರೆಗೆ ಹೋದರೆ ಹುಡುಗಿಯ ಮೇಲೆ ಕೇಸ್ ಆಗುತ್ತದೆ.

ಸತ್ಯ: ಬಸುರಿಗೆ 18 ತುಂಬಿಲ್ಲವೆಂದರೆ, ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೋ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಬೇಕಾಗುತ್ತದೆ, ನಿಜ. ಆದರೆ ಕಾನೂನಿನ ಕಣ್ಣಿನಲ್ಲಿ ಆಕೆ ಆರೋಪಿಯಲ್ಲ, ರಕ್ಷಣೆ ಪಡೆಯಬೇಕಾದ ಮಗು. ಮುಚ್ಚಿಟ್ಟ ಬಸಿರಿಗೆ ಬಿಪಿ ನೋಡುವವರಿಲ್ಲ, ರಕ್ತ ಪರೀಕ್ಷೆ ಮಾಡುವವರಿಲ್ಲ.

ನಿಮ್ಮ ಬೀದಿಯಲ್ಲಿ ಎಳೆಯ ಹುಡುಗಿಗೆ ಮದುವೆ ಗೊತ್ತಾಗುತ್ತಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಆಕೆ ಈಗಾಗಲೇ ಬಸುರಿಯಾಗಿದ್ದರೆ ಬೈಯಬೇಡಿ. ಆಶಾ ಕಾರ್ಯಕರ್ತೆಯನ್ನು ಕರೆದು, ಈ ವಾರವೇ ಆಸ್ಪತ್ರೆಗೆ ಕರೆದೊಯ್ಯಿರಿ.